ಜೋಡಿಯಾಗಿ ಬರುವವರು

ಮಾರ್ಚ್ ೧೧, ಮಂಗಳವಾರ

ಆ ಸಣ್ಣ ಕೇಂದ್ರವನ್ನು ಮುಚ್ಚಬೇಕೇ ಬೇಡವೇ ಎಂದು ನಾಳಿನ ಸಭೆಯಲ್ಲಿ ನಾನು ಹೇಳಬೇಕು. ಕಣ್ಣಿನ ಹೊಸ ಔಷಧಿಯನ್ನು ನಲವತ್ತು ಆಸ್ಪತ್ರೆಗಳಲ್ಲಿ ಪರೀಕ್ಷಿಸುತ್ತಿದ್ದೇವೆ. ಅವುಗಳಲ್ಲಿ ರೋಗಿಗಳ ತಪಾಸಣೆಯ ಗಡುವು ಮೀರುವುದರಲ್ಲಿ ಆ ಕೇಂದ್ರವೇ ಮುಂದು. ಮುಚ್ಚಿದರೆ ಅಲ್ಲಿನ ಮುದುಕರೆಲ್ಲ ಎರಡು ಬಸ್ಸು ಬದಲಿಸಿ ಬೇರೆ ಊರಿಗೆ ಹೋಗಬೇಕು.

ಇವತ್ತು ಅಲ್ಲಿಗೆ ಹೋಗಿದ್ದೆ. ಕಾರಣ ಕೇಳಿದರೆ ನರ್ಸ್ ನಕ್ಕರು. "ಇಲ್ಲಿರೋರು ಹೆಚ್ಚಿಗೆ ಗಂಡ ಹೆಂಡ್ತಿ ಸಾರ್. ಒಬ್ಬೊಬ್ಬರದು ಒಂದೊಂದು ತಾರೀಕು. ಆದ್ರೆ ಅಜ್ಜನ ದಿನಾನೇ ಅಜ್ಜಿನೂ ಬರ್ತಾರೆ, ಅಜ್ಜಿ ಗಡುವು ತಪ್ಪುತ್ತೆ. ಬೇರೆ ಬೇರೆ ಬನ್ನಿ ಅಂದ್ರೆ ಇಬ್ರೂ ಬರಲ್ಲ."

"ತಪಾಸಣೆಗೆ ಹನಿ ಹಾಕಿದ್ಮೇಲೆ ಇಬ್ಬರಿಗೂ ಕಣ್ಣು ಮಂಜು. ಯಾರನ್ನ ಯಾರು ನಡೆಸೋದಮ್ಮ?" ಎಂದೆ ನಾನು.

ಬೆಂಚಿನಲ್ಲಿ ಕೂತಿದ್ದ ಅಜ್ಜಿಯೇ ಉತ್ತರಿಸಿದರು. "ಬಿದ್ರೆ ಜೊತೆಗೇ ಬೀಳ್ತೀವಿ ಬಿಡಪ್ಪ. ನಾನೊಬ್ಬಳೇ ಬಿದ್ರೆ ಇವರಿಗೆ ಹುಡುಕೋಕೂ ಬರಲ್ಲ."

ಪಕ್ಕದಲ್ಲಿದ್ದ ಅಜ್ಜ ಮುಚ್ಚಿದ ಕಣ್ಣಲ್ಲೇ ತಡವಿ ಆಕೆಯ ಮುಂಗೈ ಹಿಡಿದುಕೊಂಡರು. ನಾನು ಬೇರೆಡೆ ನೋಡಿದೆ. ಇಷ್ಟು ವರ್ಷ ಕೇಂದ್ರಗಳನ್ನು ವರದಿಯ ಪಟ್ಟಿಯಲ್ಲಿ ಗಡುವು ತಪ್ಪಿದರೆ ಕೆಂಪು, ಇಲ್ಲದಿದ್ದರೆ ಹಸಿರು ಎಂದಷ್ಟೇ ನೋಡುತ್ತ ಬಂದವನು ನಾನು.

ರಾತ್ರಿ ಊಟವಾದ ಮೇಲೆ ಹೊಳೆಯಿತು. ಪ್ರತಿ ತಾರೀಕಿಗೂ ಆಚೀಚೆ ಒಂದು ವಾರದ ಸಡಿಲವಿದೆ. ಜೋಡಿಗಳ ತಾರೀಕುಗಳ ನಡುವೆ ಹತ್ತು ದಿನಕ್ಕಿಂತ ಹೆಚ್ಚಿನ ಅಂತರವಿಲ್ಲ. ಅಜ್ಜನ ದಿನವೂ ಅಲ್ಲದ, ಅಜ್ಜಿಯ ದಿನವೂ ಅಲ್ಲದ, ನಡುವಿನ ಒಂದು ದಿನ ಕರೆಸಿದರೆ ಇಬ್ಬರೂ ಗಡುವಿನೊಳಗೇ ಬಂದಂತೆ. ನರ್ಸಿಗೂ ತೋಚಿರಲಿಲ್ಲ, ನನಗೂ.

ಮುಚ್ಚಬೇಡಿ ಎನ್ನುತ್ತೇನೆ. ನರ್ಸಿಗೆ ಈಗಲೇ ಫೋನ್ ಮಾಡೋಣವೆನಿಸಿತು. ಮಲಗಿರುತ್ತಾರೆ, ಬೆಳಿಗ್ಗೆ ಮಾಡಿದರಾಯಿತು. ಇಷ್ಟು ಸಣ್ಣ ಸಂತೋಷ. ಪಕ್ಕದಲ್ಲಿ ಯಾರಾದರೂ ಮಲಗಿದ್ದರೆ ಎಬ್ಬಿಸಿಯಾದರೂ ಹೇಳುತ್ತಿದ್ದೆ.