ಕ್ಲಿಪ್ಪುಗಳ ಮನೆ

ಅತ್ತಿಗೆ,

ಬೆಳಿಗ್ಗೆ ನಾನು ಮಾತಿಲ್ಲದೆ ಬಟ್ಟೆ ಮಡಚುತ್ತಿದ್ದೆ. ಮೊಬೈಲ್ ಬೇಕೆಂದು ಅತ್ತು ಅತ್ತು ಮಕ್ಕಳಿಬ್ಬರೂ ಸೋತಿದ್ದರು. ಅದನ್ನು ಬೀರುವಿನ ಮೇಲಿಟ್ಟವಳು ನಾನೇ, ಆಮೇಲೆ ಬೈಯಿರಿ. ಆಗ ಚಿಕ್ಕವಳು ಬಟ್ಟೆ ಕ್ಲಿಪ್ಪುಗಳ ಬುಟ್ಟಿಯನ್ನು ನೆಲಕ್ಕೆ ಸುರಿದಳು.

ಮುಂದೆ ನಡೆದದ್ದನ್ನು ಹೇಗೆ ಬರೆಯಲಿ? ಚಪ್ಪಲಿ ಡಬ್ಬ ಮನೆಯಾಯಿತು, ಕ್ಲಿಪ್ಪುಗಳು ನಾವಾದೆವು. ಸ್ಪ್ರಿಂಗ್ ಸಡಿಲವಾಗಿ ಬಾಯಿ ತೆರೆದುಕೊಂಡೇ ಇರುವುದು ನಮ್ಮಣ್ಣನಂತೆ. "ಅಪ್ಪ ಗೊರಕೆ ಹೊಡೀತಿದಾನೆ, ಶ್!" ಎಂದ ದೊಡ್ಡವನು. ಮೂಲೆಯಲ್ಲಿ ನಿಂತದ್ದು ನಾನು. "ಅತ್ತೆ ಮಾತಾಡಲ್ಲ, ಆದ್ರೆ ಎಲ್ಲಾ ನೋಡ್ತಾಳೆ ಕಣೋ," ಎಂದಳು ಚಿಕ್ಕವಳು. ಮಡಚುತ್ತಿದ್ದ ಬಟ್ಟೆ ಪಕ್ಕಕ್ಕಿಟ್ಟು ಅವಳನ್ನೇ ನೋಡಿದೆ, ಅತ್ತಿಗೆ. ಮೊಬೈಲಿನಿಂದ ತಲೆಯೆತ್ತದ ಈ ಮಗು ನಮ್ಮನ್ನೆಲ್ಲ ಯಾವಾಗ ನೋಡಿತು?

ಡಬ್ಬದ ಹೊರಗಿರುವ ಕೆಂಪು ಕ್ಲಿಪ್ಪು ನೀವು. ದೊಡ್ಡವನು ಮುಚ್ಚಳ ಹಾಕಲು ಹೋದರೆ, "ಅಮ್ಮ ಕೆಲ್ಸದಿಂದ ಬರ್ತಿದಾಳೆ, ಬಾಗ್ಲು ಹಾಕ್ಬೇಡ!" ಎಂದು ಚಿಕ್ಕವಳು ಗದರಿಬಿಟ್ಟಳು. ಆ ದನಿಗೆ ನಾನೇ ಬೆಚ್ಚಿದೆ.

ಈಗ ಇಬ್ಬರೂ ಅಜ್ಜಿಯ ಪಕ್ಕ ಮಲಗಿದ್ದಾರೆ. ನಿಮ್ಮ ಊಟ ಮುಚ್ಚಿಟ್ಟಿದ್ದೇನೆ. ನಾನು ಹೊಲಿಗೆ ಅಂಗಡಿಗೆ ಹೊರಟೆ. ದಯವಿಟ್ಟು ಹಾಲ್ ಗುಡಿಸಬೇಡಿ, ಒಂದು ಕ್ಲಿಪ್ಪು ಅಲುಗಿದರೂ ರಾದ್ಧಾಂತವಾದೀತು.

ನೀವು ದಣಿದು ಬರುತ್ತೀರಿ. ಮಕ್ಕಳ ಕೈಗೆ ಮೊಬೈಲ್ ಕೊಟ್ಟರೆ ನಿಮಗೂ ಒಂದು ಗಳಿಗೆ ನೆಮ್ಮದಿ, ಅದು ನನಗೆ ಗೊತ್ತಿಲ್ಲವೆಂದಲ್ಲ. ಆದರೆ ನಿಮ್ಮನ್ನು ಆ ಮನೆಯೊಳಗೆ ಕರೆದುಕೊಳ್ಳಲು ಚಿಕ್ಕವಳು ಕಾಯುತ್ತಿದ್ದಾಳೆ. ಅವಳು ಎದ್ದಾಗ ಸ್ವಲ್ಪ ಹೊತ್ತು ಪಕ್ಕದಲ್ಲಿ ನೆಲದ ಮೇಲೆ ಕೂರುತ್ತೀರಾ?