ಬಲಗೈಗೆ ಎಟುಕುವ ಎತ್ತರ

ಹ್ವಾಯ್,

ಗಂಜಿ ಒಲೆಯ ಪಕ್ಕದಲ್ಲಿದೆ. ಉಪ್ಪಿನಕಾಯಿ ಭರಣಿ, ಲೋಟ, ನಿಮ್ಮ ಅಂಗಿ ಎಲ್ಲವನ್ನೂ ಸೊಂಟದ ಎತ್ತರಕ್ಕೆ ಇಳಿಸಿಟ್ಟಿದ್ದೇನೆ. ಅಂಗಿ ಹಾಕುವಾಗ ನೋವಿನ ಬಲಗೈಯನ್ನೇ ಮೊದಲು ತೂರಿಸಿ. ನಾನು ಆಸ್ಪತ್ರೆಗೆ ಕೆಲಸಕ್ಕೆ ಹೊರಟೆ.

ಹನ್ನೊಂದಕ್ಕೆ ಡಾಕ್ಟರ ಹತ್ತಿರ ಹೋಗಲೇಬೇಕು. ನನ್ನ ತಮ್ಮ ನಿತೇಶ ಸ್ಕೂಟರ್ ತರುತ್ತಾನೆ. ಹೋದ ವಾರದ ಹಾಗೆ "ಕೈ ಎತ್ತುಕೆ ಆತ್ತ್ ಡಾಕ್ಟ್ರೇ, ಎಂತದೂ ತೊಂದ್ರಿ ಇಲ್ಲ" ಎಂದು ನಾಟಕ ಮಾಡಬೇಡಿ. ಅವರು ಕಂಪ್ಯೂಟರ್ ನೋಡುತ್ತಿದ್ದರು, ನಾನು ನಿಮ್ಮನ್ನು ನೋಡುತ್ತಿದ್ದೆ. ಮೈಯನ್ನು ಬಲಕ್ಕೆ ವಾಲಿಸಿ, ಕೈ ಬೀಸಿ ಮೇಲೆ ತಂದಿರಿ. ನಿಮ್ಮ ಹೆಂಡತಿ ಮಾತ್ರವಲ್ಲ, ಫಿಸಿಯೋಥೆರಪಿ ಕೋಣೆಯ ಆಯಾ ನಾನು. ಒಂಬತ್ತು ವರ್ಷದಿಂದ ಹೆಗಲುಗಳನ್ನೇ ನೋಡುತ್ತಿದ್ದೇನೆ.

ಕೈಯನ್ನು ಪಕ್ಕೆಯಿಂದ ಮೊದಲು ಬಿಡಿಸುವುದು ಹೆಗಲ ಒಳಗಿನ ಒಂದು ಸಣ್ಣ ಸ್ನಾಯು. ಆಮೇಲೆ ಹೊರಗಿನ ದಪ್ಪ ಸ್ನಾಯು ಎತ್ತುತ್ತದೆ. ನಿಮ್ಮದು ಸಣ್ಣದೇ ಹರಿದಿರಬೇಕು. ನೀವು ತಿಂಗಳಿಂದ ಎಣ್ಣೆ ತಿಕ್ಕುತ್ತಿರುವುದು ದಪ್ಪದಕ್ಕೆ! ಇನ್ನೊಮ್ಮೆ ಬಲೆ ಬೀಸಿದರೆ ಆ ಸಣ್ಣದು ಪೂರ್ತಿ ಹರಿದೀತು. ಹರಿದ ಬಲೆಯನ್ನಾದರೆ ನೀವೇ ಕೂತು ಹೊಲಿಯುತ್ತೀರಿ. ಇದನ್ನು?

ಇವತ್ತು ಒಂಬತ್ತಕ್ಕೆ ಹೊಳೆಯಲ್ಲಿ ನೀರಿನ ಇಳಿತ, ಮೀನಿಗೆ ಒಳ್ಳೆಯ ಹೊತ್ತು ಎಂದು ನನಗೂ ಗೊತ್ತು. ಬೀಸುಬಲೆಯನ್ನು ಬಚ್ಚಿಟ್ಟಿಲ್ಲ. ಜಗಲಿಯಲ್ಲಿ, ತಲೆಗಿಂತ ಮೇಲೆ, ಗಡಿಯಾರದ ಪಕ್ಕದ ಮೊಳೆಗೆ ನೇತುಹಾಕಿದ್ದೇನೆ. ಸ್ಟೂಲ್ ಹತ್ತದೆ, ವಾಲದೆ, ಎಡಗೈ ಮುಟ್ಟಿಸದೆ, ನೆಟ್ಟಗೆ ನಿಂತು ಬಲಗೈಯಲ್ಲಿ ಇಳಿಸಲು ಆದರೆ ತೆಗೆದುಕೊಂಡು ಹೋಗಿ. ನಾನು ಒಂದು ಮಾತೂ ಆಡುವುದಿಲ್ಲ.

ಆಗದಿದ್ದರೆ ಡಾಕ್ಟರಿಗೆ ಅಷ್ಟನ್ನೇ ಹೇಳಿ.