ವನಜಾಕ್ಷಿಯ ಬ್ಯಾಗು ಬೆಟ್ಟ ಹತ್ತಿದ್ದು

ಬೇಸ್ ಕ್ಯಾಂಪ್, ಮನಾಲಿ
ಮೇ ೧೯, ೨೦೦೫, ಗುರುವಾರ

ಪ್ರೀತಿಯ ವನಜಾ,

ಉಸಿರಾಟ ಹೇಗಿದೆ? ಕಾಲಿನ ಬೊಬ್ಬೆ ಒಣಗಿತಾ? ನಿನಗೆ ಬ್ಯಾಗು ತಲುಪಿಸಿದ ಹೇಸರಗತ್ತೆಯವನು ನಿನ್ನೆ ಇಳಿದು ಬಂದು, ಮೇಡಂ ಚೆನ್ನಾಗಿದ್ದಾರೆ ಅಂದ. ಆದರೂ ಕೇಳಬೇಕು ಅನ್ನಿಸಿತು. ನಾನು ಕ್ಷೇಮ. ಚಳಿ ಜೋರಿದೆ, ದಾರಿಗೆ ಇರಲಿ ಅಂತ ಅವ್ವನ ಕಂಬಳಿ ತಂದಿದ್ದು ಒಳ್ಳೇದಾಯ್ತು. ಅವ್ವನ ಮಂಡಿನೋವು ಹಾಗೇ ಇದೆ, ಪಕ್ಕದ್ಮನೆ ಹುಚ್ಚಕ್ಕ ಜೊತೆಗಿದ್ದಾಳೆ. ದಬ್ಬೇಘಟ್ಟದಲ್ಲಿ ಒಂದು ಹದ ಮಳೆ ಆಯ್ತು. ಕೆಳತೋಟದ ಕಾಯಿಗೆ ಈ ಸಲ ನುಸಿ ಕಮ್ಮಿ.

ನಾನು ಇಲ್ಲಿಗೆ ಹೇಗೆ ಬಂದೆ ಅಂತ ನಿನಗೆ ಆಶ್ಚರ್ಯವಾಗಿರಬಹುದು. ಶನಿವಾರ ತೋಟದಿಂದ ಬಂದು ಕೈಕಾಲು ತೊಳೀತಿದ್ದೆ, ಬೆಂಗಳೂರಿನ ವಿಮಾನ ನಿಲ್ದಾಣದಿಂದ ಫೋನು ಬಂತು. ವನಜಾಕ್ಷಿ ಅನ್ನೋರ ಬ್ಯಾಗು ನಮ್ಮಲ್ಲೇ ಉಳಿದಿದೆ, ಒಳಗೆ ಸ್ಟೌವಿನ ಗ್ಯಾಸ್ ಡಬ್ಬಿ ಇದೆ, ಹಾಗಾಗಿ ವಿಮಾನಕ್ಕೆ ಹಾಕಲಿಲ್ಲ, ಮನೆಯವರು ಬಂದು ಬಿಚ್ಚಿ ತೋರಿಸಬೇಕು ಅಂದರು. ನೀನು ಮನೆ ಬಿಟ್ಟು ಚಿಕ್ಕನಾಯಕನಹಳ್ಳಿಯಲ್ಲಿ ರೂಮು ಮಾಡಿ ಎರಡು ವರ್ಷದ ಮೇಲಾಯ್ತು, ಬ್ಯಾಗಿನ ಮೇಲೆ ಮಾತ್ರ ನಮ್ಮ ಮನೆ ನಂಬರೇ ಇತ್ತಂತೆ. ಬದಲಾಯಿಸೋಕೆ ಪುರುಸೊತ್ತಾಗಿಲ್ಲವೇನೋ ಅಂದುಕೊಂಡೆ. ಅವ್ವ, ಅವಳೇ ಬಂದು ತಗೋತಾಳೆ ಬುಡು, ನಿನಗ್ಯಾಕೆ ಅಂದಳು. ನಾನು ತುರುವೇಕೆರೆಗೆ ಹೋಗಿ ನಮ್ಮ ಪಂಪ್‌ಸೆಟ್ ರಿಪೇರಿ ಮಾಡೋ ಮುನಾವರ್‌ಗೆ ಹೇಳಿದೆ. ಭಾನುವಾರ ಬೆಳಿಗ್ಗೆ ಅವನ ವ್ಯಾನಿನಲ್ಲೇ ಬೆಂಗಳೂರಿಗೆ ಹೋದೆವು.

ಅಲ್ಲೊಬ್ಬ ಪೊಲೀಸಿನವರು ಬ್ಯಾಗನ್ನು ಮೇಜಿನ ಮೇಲಿಟ್ಟು, ಒಳಗೆ ಏನೇನಿದೆ ಗೊತ್ತೇನ್ರೀ ಅಂತ ಕೇಳಿದರು. ನಮ್ಮನೆಯವರು ಕಟ್ಟಿದ್ದು ಸಾರ್, ನನಗೆ ಗೊತ್ತಿಲ್ಲ ಅಂದೆ. ಒಂದೊಂದೇ ತೆಗೆದರು. ಬೂಟು, ಉಲ್ಲನ್ ಟೋಪಿ, ಹಗ್ಗ, ನಡೆಯೋ ಕೋಲು, ಪುಟ್ಟ ಸ್ಟೌವು, ಅದರ ಗ್ಯಾಸ್ ಡಬ್ಬಿ. ಡಬ್ಬಿ ಅವರೇ ಇಟ್ಟುಕೊಂಡರು. ಆಮೇಲೆ ಪಕ್ಕದ ಜೇಬಿನಿಂದ ನಿನ್ನ ಇನ್‌ಹೇಲರ್ ಬಂತು. ಎರಡೂ ಅಲ್ಲೇ ಇದ್ದವು, ದಿನಾ ಎಳೆಯೋದೂ, ಉಸಿರು ಕಟ್ಟಿದಾಗ ಎಳೆಯೋದೂ. ಅದನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕಿತ್ತು ಕಣೇ. ಬ್ಯಾಗಿನಲ್ಲಿದ್ದ ನಿಮ್ಮ ಚಾರಣದ ಕಾಗದದಲ್ಲಿ ನಂಬರ್ ನೋಡಿ, ನಿಲ್ದಾಣದ ಹೊರಗಿನ ಬೂತಿನಿಂದಲೇ ಇಲ್ಲಿಗೆ ಫೋನು ಮಾಡಿದೆ, ಕನ್ನಡ ಬಲ್ಲ ಅಡುಗೆಯವರು ಎತ್ತಿದರು. ನೀನು ಎಲ್ಲರ ಜೊತೆ ನಡಿಗೆ ಅಭ್ಯಾಸಕ್ಕೆ ಹೋಗಿದ್ದೆಯಂತೆ. ನಾಳೆ ಬೆಳಿಗ್ಗೆ ಮೇಲಕ್ಕೆ ಹೊರಡ್ತಾರೆ, ಯಾರಿಗೂ ಯಾವ ಕಾಯಿಲೆಯೂ ಇಲ್ಲ, ಟೀಚರಮ್ಮಂದಿರೆಲ್ಲ ಗಟ್ಟಿಮುಟ್ಟಾಗಿದ್ದಾರೆ ಅಂದರು. ನೀನು ಆಸ್ತಮಾ ವಿಷಯ ಹೇಳಿಲ್ಲ ಅಂತ ಆಗ ಗೊತ್ತಾಯ್ತು. ನಾನು ಒಂದು ಮಾತು ಬಾಯಿಬಿಟ್ಟಿದ್ದರೆ ನಿನ್ನನ್ನು ಅಲ್ಲೇ ನಿಲ್ಲಿಸುತ್ತಿದ್ದರು. ನೀನು ಈ ಬೆಟ್ಟಕ್ಕೆ ಹೋಗೋದು ನನಗೆ ಇಷ್ಟ ಇರಲಿಲ್ಲ, ಅದು ನಿನಗೂ ಗೊತ್ತು. ಆದರೂ ಹೇಳಲಿಲ್ಲ. ಫೋನು ಇಟ್ಟು, ದಿಲ್ಲಿಗೆ ಟಿಕೆಟ್ ಕೊಡಿ ಅಂದೆ. ಬ್ಯಾಗನ್ನು ದಿಲ್ಲಿವರೆಗೆ ನಾವೇ ಕಳಿಸ್ತೀವಿ, ಅಲ್ಲಿಂದ ಮುಂದೆ ನಮ್ಮ ಜವಾಬ್ದಾರಿ ಅಲ್ಲ ಅಂತ ವಿಮಾನ ಕಂಪನಿಯವರು ಹೇಳಿದ್ದರು. ಮುನಾವರ್, ನೀನು ಯಾವತ್ತು ಪ್ಲೇನ್ ಹತ್ತಿದ್ದೆ ಕಾಂತಣ್ಣ ಅಂತ ನಕ್ಕ, ಆಮೇಲೆ ತನ್ನ ಸ್ವೆಟರ್ ಬಿಚ್ಚಿ ಕೊಟ್ಟ.

ನಡೆಯೋ ಕೋಲನ್ನು ಕೈಯಲ್ಲಿ ಹಿಡಿದು ಹೋಗೋಕೆ ಬಿಡಲಿಲ್ಲ. ಬ್ಯಾಗಿಗೇ ಕಟ್ಟಿ, ಅದರ ಪಟ್ಟಿಗಳು ಸಾಮಾನು ಸಾಗಿಸೋ ಬೆಲ್ಟಿಗೆ ಸಿಕ್ಕಿಕೊಳ್ಳದ ಹಾಗೆ ಎಲ್ಲಾ ಸೇರಿಸಿ ಪ್ಲಾಸ್ಟಿಕ್ ಸುತ್ತಿದರು. ಕೌಂಟರಿನ ಹುಡುಗಿ, ಬ್ಯಾಗು ತಡವಾದರೂ ಬೂಟು ಮಾತ್ರ ನಿಮ್ಮ ಹತ್ತಿರಾನೇ ಇರಲಿ ಸಾರ್ ಅಂದಳು. ಲೇಸುಗಳನ್ನು ಗಂಟು ಹಾಕಿ ಕತ್ತಿಗೆ ನೇತು ಹಾಕಿಕೊಂಡೆ. ಇನ್‌ಹೇಲರ್ ಅಂಗಿ ಜೇಬಿನಲ್ಲಿತ್ತು. ವಿಮಾನ ಮೇಲೇಳುವಾಗ ಪಕ್ಕದವರೆಲ್ಲ ಕಿಟಕಿ ನೋಡ್ತಿದ್ದರು, ನಾನು ಜೇಬು ಮುಟ್ಟಿ ನೋಡಿಕೊಳ್ತಿದ್ದೆ. ಹೆದರಿಕೆ ಅಂತೇನೂ ಆಗಲಿಲ್ಲ, ಕಿವಿ ಮಾತ್ರ ಕಟ್ಟಿತ್ತು. ದಿಲ್ಲಿಯಲ್ಲಿ ಬ್ಯಾಗು ಬರೋವರೆಗೆ ಆ ತಿರುಗೋ ಬೆಲ್ಟಿನ ಮುಂದೆ ನಿಂತಿದ್ದೆ. ಅಲ್ಲಿಂದ ಬಸ್ಸು. ನನ್ನ ಹಿಂದಿ ನಿನಗೆ ಗೊತ್ತೇ ಇದೆ, ಬೂಟು ತೋರಿಸಿ ಮನಾಲಿ ಅಂದರೆ ಎಲ್ಲರೂ ದಾರಿ ಹೇಳಿದರು.

ಸೋಮವಾರ ಸಂಜೆ ಇಲ್ಲಿಗೆ ಬಂದಾಗ ನೀವೆಲ್ಲ ಮೇಲಕ್ಕೆ ಹೊರಟು ಹೋಗಿದ್ದಿರಿ. ಮಂಗಳವಾರ ದಿನಸಿ ಹೊತ್ತು ಹೊರಟ ಹೇಸರಗತ್ತೆಯವನ ಕೈಗೆ ಬ್ಯಾಗೂ ಬೂಟೂ ಕೊಟ್ಟೆ. ಇನ್‌ಹೇಲರನ್ನು ಬಟ್ಟೆಯಲ್ಲಿ ಸುತ್ತಿ, ನಿನ್ನ ಫೋಟೋ ತೋರಿಸಿ, ಇವರ ಕೈಗೇ ಕೊಡಬೇಕು ಅಂತ ಸನ್ನೆ ಮಾಡಿದೆ. ಅವನು ಬಂದು ಹೇಳಿದ್ದನ್ನು ಅದೇ ಅಡುಗೆಯವರು ನನಗೆ ಕನ್ನಡದಲ್ಲಿ ಬಿಡಿಸಿ ಹೇಳಿದರು. ನೀನು ಯಾರದೋ ದೊಡ್ಡ ಬೂಟಿನಲ್ಲಿ ಹಿಂದೆ ಹಿಂದೆ ಬೀಳ್ತಿದ್ದೆಯಂತೆ, ಬೆಳಿಗ್ಗೆವರೆಗೆ ನೋಡಿ ಕೆಳಗೆ ಕಳಿಸ್ತೀವಿ ಅಂದಿದ್ದರಂತೆ. ಅವನ ಮುಂದೆಯೇ ಎರಡು ಸಲ ಎಳೆದುಕೊಂಡು, ಸ್ವಲ್ಪ ಹೊತ್ತು ಕೂತು, ಯಾರು ತಂದರು ಅಂತ ಕೇಳಿದೆಯಂತೆ. ಮೀಸೆಯವರು ಅಂದನಂತೆ. ಬೆಳಿಗ್ಗೆ ನೀನು ಎಲ್ಲರಿಗಿಂತ ಮುಂದೆ ಹೊರಟಿದ್ದನ್ನು ನೋಡಿಯೇ ಅವನು ಇಳಿದಿದ್ದು. ಸಮಾಧಾನವಾಯ್ತು. ಆದರೂ ಒಂದು ಮಾತು. ಉಸಿರು ಬಿಗಿದರೆ ಲೀಡರಿಗೆ ಹೇಳಿ ಇಳಿದು ಬಾ, ಹಠ ಬೇಡ. ಆ ಬೆಟ್ಟ ಎಲ್ಲೂ ಹೋಗಲ್ಲ.

ಮನೆ ವಿಷಯ ಏನೂ ಬರೆಯಲ್ಲ. ಅಟ್ಟದ ತುಂಬ ಕೊಬ್ಬರಿಗಿಟ್ಟ ಕಾಯಿ, ಅದರ ಧೂಳು, ನಿನ್ನ ದಮ್ಮು, ಅಟ್ಟದ ಕಾಯಿ ಇಳಿಸಲ್ಲ ಅಂತ ಅವ್ವ ಅಂದಿದ್ದು, ಅದಕ್ಕೇ ನೀನು ಮನೆ ಬಿಟ್ಟಿದ್ದು, ಎಲ್ಲಾ ಇಬ್ಬರಿಗೂ ಗೊತ್ತಿರೋದೇ. ಅವ್ವ ಈಗಲೂ ಅದನ್ನೇ ಅಂತಾಳೆ.

ಜೊತೆಯ ಟೀಚರಮ್ಮಂದಿರಿಗೆಲ್ಲ ನನ್ನ ನಮಸ್ಕಾರ ಹೇಳು. ಮಂಜಿನ ಮೇಲೆ ಹುಷಾರಾಗಿ ಹೆಜ್ಜೆ ಇಡು. ದೇವರು ನಿನ್ನ ಎದೆಗೆ ಗಾಳಿ ಧಾರಾಳವಾಗಿ ಕೊಡಲಿ.

ನಿನ್ನ
ಕಾಂತೇಶ

ಮರೆತಿದ್ದೆ: ಹೇಸರಗತ್ತೆಗೆ ಮೂಟೆ ಬಿಗೀತಿದ್ದಾರೆ, ಬೇಗ ಬರೀತೀನಿ. ನಾನು ಊರಿಗೆ ವಾಪಸ್ ಹೋಗಿಲ್ಲ, ನೀನು ಇಳಿಯೋವರೆಗೂ ಇಲ್ಲೇ ಇರ್ತೀನಿ. ಇನ್ನೊಂದು. ಚಿಕ್ಕನಾಯಕನಹಳ್ಳಿ ರೂಮಿನಲ್ಲಿ ಇಬ್ಬರಿಗೆ ಜಾಗ ಆಗುತ್ತಾ? ಬೆಳಿಗ್ಗೆ ಬಸ್ಸಿಗೆ ತೋಟಕ್ಕೆ ಹೋಗಿ, ಅವ್ವನ್ನೂ ನೋಡಿಕೊಂಡು, ಸಂಜೆಗೆ ನಿನ್ನಲ್ಲಿಗೇ ಬತ್ತೀನಿ. ಈ ಮಾತು ಅವ್ವನಿಗೆ ಹೊರಡೋ ದಿನವೇ ಹೇಳಿ ಬಂದಿದ್ದೀನಿ. ನೀನು ಈಗಲೇ ಏನೂ ಹೇಳಬೇಡ, ಇಳಿದು ಬಂದು ಹೇಳು.